ತೆರೆಬಟ್ಟೆಯಲ್ಲಿ ಆಕಾಶ

ಅರವತ್ತರ ದಶಕದ ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಪುತ್ತೂರಿನ ನಮ್ಮ ಹೈಸ್ಕೂಲಿನ ಸಭಾಂಗಣದಲ್ಲಿ ಶಾಲಾ ಇನ್ಸ್‌ಪೆಕ್ಟರು, ಡ್ರಾಯಿಂಗ್ ಮಾಸ್ತರು, ಚೆಂಡೆ ಕಟ್ಟಿಕೊಂಡ ಕನ್ನಡ ಪಂಡಿತರು, ಇಬ್ಬರು ಜವಾನರು, ವಿಜ್ಞಾನ ಕಲಿಸುತ್ತಿದ್ದ ನಾನು.

ಡ್ರಾಯಿಂಗ್ ಮಾಸ್ತರ ಹುದ್ದೆ ಬೇಕೋ ಬೇಡವೋ ಎಂಬುದು ಅಂದೇ ತೀರ್ಮಾನವಾಗಬೇಕಿತ್ತು. ಕಲೆಯಿಂದ ಬೇರೆ ಪಾಠಗಳಿಗೂ ಉಪಯೋಗವಿದೆ ಎಂದು ತೋರಿಸಿದರೆ ಹುದ್ದೆ ಉಳಿಯುತ್ತದೆ. ಇಲ್ಲವಾದರೆ ಅವರು ತಮ್ಮ ಊರಾದ ಪಂಜಕ್ಕೆ ಮರಳಬೇಕು.

ಭಾರವಾದ ಎರಡು ಕಾಯಗಳು ಒಂದನ್ನೊಂದು ಸುತ್ತಿದರೆ ಆಕಾಶವೇ ಅಲುಗಿ ಗುರುತ್ವದ ಅಲೆಗಳು ಹೊರಡುತ್ತವೆ ಎಂದು ಪತ್ರಿಕೆಯೊಂದರಲ್ಲಿ ಓದಿದ್ದೆ. ಅವು ಯಾರ ಕೈಗೂ ಸಿಕ್ಕಿರಲಿಲ್ಲ. ಅವುಗಳನ್ನು ಕಾಣಿಸುವ ಉಪಾಯ ಮಾಸ್ತರದು. ಯಕ್ಷಗಾನದಲ್ಲಿ ವೇಷದ ಮುಂದೆ ಹಿಡಿಯುವ ತೆರೆಬಟ್ಟೆಯನ್ನು ಜವಾನರು ಎರಡು ತುದಿಗಳಲ್ಲಿ ಮಲಗಿಸಿದಂತೆ ಬಿಗಿಹಿಡಿದರು. ಅಲೆ ಬಂದಾಗ ಕುಣಿಯಲೆಂದು ಅಂಚಿಗೆ ಭತ್ತದ ಅರಳು ಹರಡಿದೆವು. ಮಾಸ್ತರು ಎರಡು ಮುಷ್ಟಿಗಳನ್ನು ಬಟ್ಟೆಗೆ ಒತ್ತಿ, ಒಂದರ ಸುತ್ತ ಒಂದನ್ನು ತಿರುಗಿಸತೊಡಗಿದರು. ಅವು ಹತ್ತಿರವಾದಂತೆ ವೇಗ ಏರಬೇಕು. ಆ ಲೆಕ್ಕ ಪಂಡಿತರ ಚೆಂಡೆಯದು.

ಚೆಂಡೆ ಏರಿತು. ಅರಳು ಇನ್ನೇನು ಕುಣಿಯಬೇಕು, ಜವಾನರಿಬ್ಬರೂ ಒಟ್ಟಿಗೆ ಬಟ್ಟೆಯನ್ನು ಸರಕ್ಕನೆ ಬದಿಗೆಳೆದರು. ಅರಳೆಲ್ಲ ನೆಲಕ್ಕೆ. ಮಾಸ್ತರು ಮುಗ್ಗರಿಸಿದರು.

“ಎಂತ ಮಾಡಿದ್ದು ಮಾರಾಯ್ರೆ?” ಎಂದೆ.

“ಚೆಂಡೆ ಏರಿತಲ್ಲ ಸಾರ್, ವೇಷ ಬರುವ ಹೊತ್ತು. ತೆರೆ ತೆಗೆಯದಿದ್ದರೆ ಹೇಗೆ?” ಎಂದ ಹಿರಿಯ ಜವಾನ. ಇಬ್ಬರೂ ಯಕ್ಷಗಾನದ ಆಟಗಳಲ್ಲಿ ತೆರೆ ಹಿಡಿದು ಪಳಗಿದವರು.

“ವೇಷ ಎಲ್ಲಿ ಉಂಟು? ಮಾಸ್ತ್ರು ಮಾತ್ರ ಕಾಣುದು,” ಎನ್ನುತ್ತಾ ಇನ್ಸ್‌ಪೆಕ್ಟರು ಎದ್ದು ಕೊಡೆ ತೆಗೆದುಕೊಂಡರು. “ಅಲೆಯೂ ಇಲ್ಲ.”

ಮಾಸ್ತರು ಅವರ ಮುಂದೆ ಬಂದು ನಿಂತರು. “ಇನ್ನೊಂದು ಸಲ ಸಾರ್. ಕೈ ಮುಗಿತೇನೆ.”

ಇನ್ಸ್‌ಪೆಕ್ಟರು ನಿಂತರು, ಆದರೆ ಕೂರಲಿಲ್ಲ. ನಾನು ಬಟ್ಟೆಯ ಮೂಲೆಗಳನ್ನು ಎರಡು ಬೆಂಚುಗಳಿಗೆ ಕಟ್ಟಿಸಿ, ಬೆಂಚು ಅಲುಗದಂತೆ ಜವಾನರನ್ನು ಅವುಗಳ ಮೇಲೆ ಕೂರಿಸಿದೆ.

“ಕೈ ಕಟ್ಟಿ ಕೂತ್ಕೊಳ್ಳಿ. ಚೆಂಡೆ ಎಷ್ಟು ಏರಿದ್ರೂ ನಿಮಗೆ ಕೆಲಸ ಇಲ್ಲ,” ಎಂದರು ಪಂಡಿತರು.

ಅರಳು ಹೆಕ್ಕಲು ಸಮಯವಿರಲಿಲ್ಲ. “ಕಣ್ಣು ಮುಚ್ಚಿ ಅಂಚಿಗೆ ಬೆರಳು ಇಡಿ ಸಾರ್,” ಎಂದರು ಮಾಸ್ತರು. ಇನ್ಸ್‌ಪೆಕ್ಟರು ಬೆರಳಿಟ್ಟು ಕಣ್ಣು ಮುಚ್ಚಿದರು.

ಮತ್ತೆ ಚೆಂಡೆ ಏರಿತು. ಮುಷ್ಟಿಗಳು ಒಂದಕ್ಕೊಂದು ತಾಗಿದವು, ಚೆಂಡೆ ನಿಂತಿತು. ಇನ್ಸ್‌ಪೆಕ್ಟರು ಬೆರಳು ತೆಗೆಯಲಿಲ್ಲ, ಕಣ್ಣೂ ತೆರೆಯಲಿಲ್ಲ.

“ಬಂತು,” ಎಂದರು. “ನೀವು ನಿಲ್ಲಿಸಿದ ಮೇಲೆಯೂ ಒಂದು ಅಲೆ ಬಂತು.”

ಹೊರಡುವಾಗ ಬಾಗಿಲಲ್ಲಿ ತಿರುಗಿ, “ಈ ವರ್ಷಕ್ಕೆ ಹುದ್ದೆ ಇರ್ಲಿ. ಮುಂದಿನದ್ದು ಮತ್ತೆ ನೋಡುವ,” ಎಂದರು. ಮಾಸ್ತರು ಬಟ್ಟೆಯ ಗಂಟುಗಳನ್ನು ಬಿಚ್ಚತೊಡಗಿದರು. ನಾನು ಅರಳು ಗುಡಿಸಿ, ಸೋಮವಾರದ ವೇಳಾಪಟ್ಟಿಯಲ್ಲಿ ಡ್ರಾಯಿಂಗ್ ಪೀರಿಯಡ್ ಬರೆದು ಹಾಕಿದೆ.