ಕಾಗೆ ಮುಟ್ಟಿದ ಮೇಲೆ ದೆವ್ವ ಆಗುವುದು ಹೇಗೆ?

ಗೆಳೆಯರೇ, ನನ್ನ ಮೊದಲ ಸಿನಿಮಾ ಇವತ್ತು ಮಧ್ಯಾಹ್ನ ಬುಕ್ಕಸಾಗರದ ಹೊಳೆದಂಡೆಯಲ್ಲಿ ಮುಗಿದುಹೋಯಿತು.

ಗೆಳೆಯ ವೀರೇಶ ಮೊಬೈಲಿನಲ್ಲಿ ತೆಗೆಯುತ್ತಿರುವ ಕಿರುಚಿತ್ರದಲ್ಲಿ ನಾನು ನಾಲ್ಕು ಕೊಲೆ ಮಾಡಿ ಸತ್ತವನು. ನನಗಿಟ್ಟ ಎಡೆಯನ್ನು ಕಾಗೆ ಮುಟ್ಟುವುದಿಲ್ಲ, ಆಸೆ ತೀರದೆ ದೆವ್ವವಾಗಿ ವಾಪಸ್ ಬರುತ್ತೇನೆ. ದೆವ್ವದ್ದೇ ದೊಡ್ಡ ಪಾತ್ರ. ಅದಕ್ಕಾಗಿ ಎರಡು ತಿಂಗಳು ಗಡ್ಡ ಬಿಟ್ಟಿದ್ದೆ.

ನನ್ನ ಅವ್ವನ ಪಾತ್ರ ಪಕ್ಕದ ಮನೆಯ ಹುಲಿಗೆಮ್ಮಜ್ಜಿಯದು. ಅಜ್ಜಿ ಎಡೆ ಇಟ್ಟಳು. ಮರದ ಮೇಲಿನ ಕಾಗೆಗಳು, ವೀರೇಶನೇ ಹೇಳಿಕೊಟ್ಟಿದ್ದನೇನೋ ಎಂಬಂತೆ, ಇಳಿಯಲೇ ಇಲ್ಲ. ಅಜ್ಜಿಗೆ ತಡೆಯಲಾಗಲಿಲ್ಲ. ರೂಢಿಯಂತೆ ಕೈಮುಗಿದು, "ನಿನ್ನ ಹೆಂಡ್ತಿ ಮಕ್ಕಳನ್ನ ನಾವು ನೋಡ್ಕೋತೀವಿ, ತಿನ್ನಪಾ" ಅಂದಳು. ತಕ್ಷಣ ಒಂದು ಕಾಗೆ ಬಂದು ಎಡೆಯಲ್ಲಿದ್ದ ಮಿರ್ಚಿ ಬಜ್ಜಿ ಎತ್ತಿಕೊಂಡು ಹಾರಿತು.

"ಅಜ್ಜೀ, ಅವನು ವಾಪಸ್ ಬರಬೇಕಲ್ಲ" ಎಂದ ವೀರೇಶ.

"ಯಾಕ ಬರಬೇಕು? ನಾಕು ಮಂದೀನ ಕೊಂದಾನ, ಸಾಕು. ಆರಾಮ ಹೋಗ್ಲಿ."

ಕಾಗೆ ಬಂದದ್ದನ್ನು ಕತ್ತರಿಸೋಣ ಎಂದು ವೀರೇಶ ಬೇಡಿಕೊಂಡ. ನಾನು ಒಪ್ಪಲಿಲ್ಲ. "ನನ್ನ ಕಣ್ಣೆದುರೇ ತಿಂದೈತಿ ಲೇ. ಇನ್ನ ಯಾವ ಮುಖ ಇಟ್ಕೊಂಡು ದೆವ್ವ ಆಗ್ಲಿ?"

ಬರುವಾಗ ಹೊಸಪೇಟೆಯಲ್ಲಿ ಗಡ್ಡ ತೆಗೆಸಿದೆ. ಒಂಬತ್ತನೇ ಕ್ಲಾಸು ಪೂರ್ತಿ ಮಾಡದ ನನಗೆ ಮೋಕ್ಷ ಮಾತ್ರ ಒಂದೇ ಟೇಕಿಗೆ ಸಿಕ್ಕಿತು.