ಜ್ವರ ಎಂದಿದ್ದ ಅಜ್ಜಿ

ನಮ್ಮ ಬೀದಿಯ ದರ್ಜಿ ಅಜ್ಜಿಗೆ ಬಾಯಿ ಜಾಸ್ತಿ. ಅಳತೆ ಕೊಡಲು ಬಂದವರ ಹೊಟ್ಟೆ ನೋಡಿ, "ಹೋದ ವರ್ಷದ ಅಳತೆ ಮರೆತುಬಿಡೋಣ ಬಿಡಿ" ಅನ್ನುವಳು. ಅವಳ ಅಂಗಡಿಯಲ್ಲೇ ಗುಂಡಿಗೆ ಕಾಜಾ ಹೊಲಿಯುವ ನನಗಂತೂ ದಿನಾ ಮಂಗಳಾರತಿ. ಒಂದು ವಿಷಯಕ್ಕೆ ಮಾತ್ರ ಆ ಬಾಯಿಗೆ ಬೀಗ.

ಅವಳು ಹುಡುಗಿಯಾಗಿದ್ದಾಗ ಸೈನಿಕರು ಅವಳ ಊರವರನ್ನು ಶಾಲೆಯೊಳಗೆ ಕೂಡಿಹಾಕಿ ಬೆಂಕಿಯಿಟ್ಟಿದ್ದರು. ತಾಯಿ, ತಂಗಿಯರು ಅಲ್ಲೇ ಹೋದರು. ಬದುಕಿ ಉಳಿದವರು ತಮ್ಮತಮ್ಮಲ್ಲೇ ಮಾತಾಡಿಕೊಂಡರಂತೆ: ಮಕ್ಕಳು ಕೇಳಿದರೆ ಜ್ವರದಲ್ಲಿ ಸತ್ತರು ಅನ್ನೋಣ, ಮಕ್ಕಳಾದರೂ ಹೆದರದೆ ನಿದ್ದೆ ಮಾಡಲಿ. ನನಗೆ ಇದನ್ನು ಒಮ್ಮೆ ಹೇಳಿ, "ಯಾರಿಗಾದ್ರೂ ಅಂದ್ರೆ ಬಾಯಿ ಹೊಲಿದುಬಿಡ್ತೀನಿ" ಎಂದಿದ್ದಳು.

ತಾಯಿಯಿಲ್ಲದ ಮೊಮ್ಮಗನನ್ನು ಸಾಕಿದ್ದೂ ಇದೇ ಜ್ವರದ ಕಥೆ ಹೇಳಿ. ಅವನು ಬೆಳೆದು, ಫೋನಿನ ಮುಂದೆ ಕೂತು ವಿಡಿಯೋ ಮಾಡಿ ಊರಿಗೆಲ್ಲ ಪಾಠ ಹೇಳತೊಡಗಿದ. "ಶಾಲೆ ಸುಟ್ಟಿದ್ದು ಕಟ್ಟುಕಥೆ. ನಮ್ಮಜ್ಜಿ ಅದೇ ಊರಿನವಳು. ಅವಳ ಮನೆಯವರು ಸತ್ತಿದ್ದು ಜ್ವರ ಬಂದು. ಅವಳೇ ಹೇಳಿದ್ದು!" ಆ ಹತ್ಯೆ ನಡೆದೇ ಇಲ್ಲ ಎಂದವರಿಗೆ ಜೈಲು ಎಂಬ ಕಾನೂನು ಆಗಷ್ಟೇ ಬಂದಿತ್ತು. ಪೊಲೀಸರು ಬಾಗಿಲಿಗೆ ಬಂದರು. ವಿಡಿಯೋ ಅಳಿಸಿ ಕೋರ್ಟಿನಲ್ಲಿ ತಪ್ಪಾಯಿತೆಂದರೆ ಬಿಡುತ್ತಾರೆ, ಇಲ್ಲವಾದರೆ ಒಳಗೆ. ಮೊಮ್ಮಗ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಅಜ್ಜಿ ಮಷಿನ್ ನಿಲ್ಲಿಸಿ ಅವನನ್ನು ಎದುರಿಗೆ ಕೂರಿಸಿಕೊಂಡಳು. ನಾನು ಏಳಹೋದರೆ, "ಕೂತ್ಕೊಳ್ಳೇ, ನನ್ನೊಬ್ಬಳ ಕೈಲಿ ಆಗಲ್ಲ" ಅಂದಳು. ಹೊರಗಿನಿಂದ ಬಿಗಿದ ಸರಪಳಿ, ಕಿಟಕಿಯಿಂದ ತನ್ನನ್ನು ನೂಕಿದ ಅಮ್ಮ, ಒಳಗಿನಿಂದ "ಅಕ್ಕಾ" ಎನ್ನುತ್ತಲೇ ಇದ್ದ ಚಿಕ್ಕ ತಂಗಿ, ಎಲ್ಲ ಅಳುತ್ತಲೇ ಹೇಳಿದಳು. ನನಗೂ ಅಳು ತಡೆಯಲಾಗಲಿಲ್ಲ.

ಮೊಮ್ಮಗ ಅವಳ ಕೈ ಹಿಡಿದುಕೊಂಡ. ಕೆಟ್ಟವನಲ್ಲ ಅವನು, ಅದೇ ನನ್ನ ಸಂಕಟ.

"ಇಷ್ಟು ಹೆದರಿಸಿದ್ದಾರಾ ಅಜ್ಜಿ ನಿನ್ನ?"

"ಯಾರೂ ಹೆದರಿಸಿಲ್ಲ ಕಣೋ. ನಾನು ಅಲ್ಲಿದ್ದೆ."

"ನನ್ನ ಉಳಿಸೋಕೆ ಹೇಳ್ತಿದ್ದೀಯ. ನಿಜ ಆಗಿದ್ರೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ? ನಿಜಕ್ಕೆ ಪೊಲೀಸರ ಕಾವಲು ಯಾಕೆ?"

"ನೀನು ಹೆದರದೆ ನಿದ್ದೆ ಮಾಡಲಿ ಅಂತ ಕಣೋ," ಅಂದ ಅಜ್ಜಿ ನನ್ನ ಕಡೆ ತಿರುಗಿ, "ನೀನಾದ್ರೂ ಹೇಳೇ" ಅಂದಳು. "ಈ ಕಾನೂನು ಬರೋ ಮೊದಲೇ ನನಗೆ ಹೇಳಿದ್ಲು" ಅಂದರೆ, "ನೀವೂ ಸೇರ್ಕೊಂಡ್ರಾ" ಅಂದ. ಆ ಕಾನೂನು ಬೇಡ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಅವಳ ಸತ್ಯವನ್ನೇ ಬೆದರಿ ಆಡಿದ ಮಾತಾಗಿಸಿದ್ದೂ ಅದೇ ಕಾನೂನು.

ಅವಳು ಅತ್ತಿದ್ದು ನೋಡಲಾಗದೆ ಅವನು ಕೋರ್ಟಿನಲ್ಲಿ ತಪ್ಪಾಯಿತು ಎಂದ. ವಿಡಿಯೋ ಅಳಿಸಿದ. ಮನೆಗೆ ಬಂದವನು ಅಜ್ಜಿಗೆ ನೀರು ಕೊಟ್ಟು, ಬಾಗಿಲು ಮುಂದೆ ಮಾಡಿ, ಪಕ್ಕದಲ್ಲಿ ಕೂತ.

"ಕೇಸ್ ಮುಗೀತು. ಇನ್ನು ಹೆದರಬೇಡ ಅಜ್ಜಿ," ಅಂದ ಮೆಲ್ಲಗೆ. "ಈಗಾದ್ರೂ ನಿಜ ಹೇಳು."