ಭಾವ ಕೇಳಲಾರದ ಮಾತ್ರೆ

ಬ್ಲೇಡಿನಿಂದ ಎರಡು ಮಾಡುವಾಗ ಮಾತ್ರೆಯ ಮೇಲಿನ ತೆಳು ಲೇಪ ಒಂದು ಅಂಚಿನಲ್ಲಿ ಸ್ವಲ್ಪ ಎದ್ದುಬರುತ್ತಿತ್ತು. ಅದನ್ನು ಉಗುರಿನಿಂದ ಒತ್ತಿ ಕೂರಿಸಿ, ಅರ್ಧವನ್ನು ಚಮಚದಲ್ಲಿ ಪುಡಿ ಮಾಡಿ, ಜೇನಿನಲ್ಲಿ ಕಲಸಿ ಅಕ್ಕನ ಮಗಳಿಗೆ ನೆಕ್ಕಿಸಬೇಕು. ದಿನಕ್ಕೆ ಮೂರು ಸಲ. ಅವಳಿಗಾಗ ಆರು ವರ್ಷ.

ಅಕ್ಕ ಎರಡನೇ ಹೆರಿಗೆಗೆ ನಂಜನಗೂಡಿನ ನಮ್ಮ ಮನೆಗೆ ಬಂದಿದ್ದಳು. ಮಗುವಿನ ಸ್ಕೂಲು ತಪ್ಪಬಾರದೆಂದು ನಾನು ತಿ. ನರಸೀಪುರದ ಅವಳ ಮನೆಗೆ ಹೋಗಿ ಉಳಿದೆ. ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದವಳು, ಬಿಡುವಾಗಿರುವವಳು ಎಂದು ಎಲ್ಲರೂ ತೀರ್ಮಾನಿಸಿದ್ದರು. ಮನೆಯಲ್ಲಿ ಭಾವ ಮತ್ತು ಅವರ ತಾಯಿ. ಆಕೆಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಇರುವುದೇ ಎರಡು ಕೋಣೆ. ಭಾವ ಫ್ಯಾಕ್ಟರಿಯಿಂದ ಬಂದರೆ ನಾನು ಅಡುಗೆಮನೆಗೆ ಸರಿಯುತ್ತಿದ್ದೆ. ಹೊರಬಾಗಿಲು ತೆರೆದರೆ ಬೀದಿ. ಎದುರು ಜಗಲಿಯಲ್ಲಿ ಯಾವಾಗಲೂ ಯಾರಾದರೂ ಕೂತಿರುತ್ತಿದ್ದರು. "ನಿಮ್ಮಕ್ಕ ಯಾವಾಗ ಬತ್ತಳವ್ವ?" ಎಂಬ ಪ್ರಶ್ನೆ ಮೊದಲ ವಾರ ಒಂದು ರೀತಿ ಕೇಳಿಸಿತು, ಮೂರನೇ ವಾರ ಇನ್ನೊಂದು ರೀತಿ.

ಅಕ್ಕನ ಮಗಳಿಗೆ ಹುಟ್ಟುವಾಗಲೇ ಹೃದಯದಲ್ಲಿ ಒಂದು ರಂಧ್ರವಿತ್ತು. ಅದು ಗೊತ್ತಾಗಿ, ಮುಚ್ಚುವಷ್ಟರಲ್ಲಿ ತಡವಾಗಿತ್ತು. ಅಲ್ಲಿಯವರೆಗೆ ಶ್ವಾಸಕೋಶಕ್ಕೆ ಹೆಚ್ಚು ರಕ್ತ ನುಗ್ಗುತ್ತಲೇ ಇದ್ದುದರಿಂದ ಅಲ್ಲಿನ ರಕ್ತನಾಳಗಳ ಗೋಡೆ ದಪ್ಪವಾಗಿ, ಒಳದಾರಿ ಕಿರಿದಾಗಿತ್ತು. ಮೈಸೂರಿನ ಡಾಕ್ಟರು ಸೂಜಿಯಿಲ್ಲದ ಒಂದು ಸಿರಿಂಜಿನಲ್ಲಿ ನೀರು ತುಂಬಿ ಮಗುವಿನ ಕೈಗೆ ಕೊಟ್ಟಿದ್ದರು. ನೀರು ಸಲೀಸಾಗಿ ಚಿಮ್ಮಿತು. ಆಮೇಲೆ ಅದರ ತುದಿಯನ್ನು ತಮ್ಮ ಬೆರಳಿನಿಂದ ಮುಕ್ಕಾಲು ಮುಚ್ಚಿ, "ಈಗ ಒತ್ತು" ಎಂದರು. ಮಗು ಹಲ್ಲು ಕಚ್ಚಿ ಒತ್ತಿತು, ನೀರು ಹನಿಹನಿಯಾಗಿಯಷ್ಟೇ ಬಂತು. "ಅವಳ ಹೃದಯದ ಬಲಭಾಗ ದಿನವಿಡೀ ಹೀಗೆ ಒತ್ತುತ್ತಿದೆ" ಎಂದು ಅಕ್ಕನಿಗೂ ನನಗೂ ಹೇಳಿದರು. ಬಲಭಾಗ ಇರುವುದು ಹಗುರ ಕೆಲಸಕ್ಕೆ. ಅಷ್ಟು ಒತ್ತಡಕ್ಕೆ ಮೊದಲು ದಪ್ಪಗಾಗುತ್ತದೆ, ನಂತರ ಹಿಗ್ಗುತ್ತದೆ, ಸೋಲುತ್ತದೆ. ಆಗ ಎಡಭಾಗಕ್ಕೂ ಸಾಕಷ್ಟು ರಕ್ತ ತಲುಪದೆ ಮಗು ತಲೆ ಸುತ್ತಿ ಬೀಳಬಹುದು. ಮಾತ್ರೆ ಆ ನಾಳಗಳನ್ನು ಸಡಿಲಿಸುತ್ತದೆ. ಏಕಾಏಕಿ ನಿಲ್ಲಿಸಬೇಡಿ ಎಂದು ಅವರು ಎರಡು ಸಲ ಹೇಳಿದ್ದರು.

ಅಕ್ಕ ಮೈಸೂರಿನಿಂದ ತಂದಿಟ್ಟಿದ್ದ ಮಾತ್ರೆ ಮುಗಿಯುತ್ತ ಬಂತು. ಭಾವನಿಗೆ ಚೀಟಿ ಕೊಟ್ಟೆ. ಮೊದಲ ದಿನ "ಸ್ಟಾಕ್ ಇಲ್ವಂತೆ" ಎಂದರು. ಮರುದಿನ "ಮರ್ತೋಯ್ತು." ಶನಿವಾರ ಸಂಜೆ ಕೊನೆಯ ಅರ್ಧ ಮಾತ್ರೆ ಕೊಟ್ಟೆ. ಭಾನುವಾರ ಮಧ್ಯಾಹ್ನ ಮಗು ಹಿತ್ತಲಿನ ಮೂರು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಂತಿತು.

"ಚಿಕ್ಕಿ, ನಾನ್ ನಿಂತೇ ಇವ್ನಿ, ಎದೆ ಓಡ್ತಾ ಅದೆ."

ಅವಳ ತುಟಿ ನೀಲಿಗಟ್ಟಿದಂತೆ ಕಂಡಿತು. ಅವಳನ್ನು ಮಲಗಿಸಿ, ಭಾವ ಎಲ್ಲಿ ಎಂದು ಅತ್ತೆಯನ್ನು ಕೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ.

"ಅವ್ನು ತರಾಕಿಲ್ಲ ಕಣವ್ವ. ಅವ್ನ ಕಾಯ್ಬ್ಯಾಡ."

"ಯಾಕತ್ತೆ?"

"ಅದು ಗಂಡಸ್ರು ತಕ್ಕೊಳೋ ಮಾತ್ರೆಯಂತೆ. ಅಂಗ್ಡಿಯೋನು ನಾಕು ಜನ್ರ ಮುಂದ್ಗಡೆ, 'ಏನಣ್ಣೋ, ಎಂಡ್ರು ತವ್ರಿಗೋಗವ್ರೆ, ಇದ್ಯಾರ್ಗೆ?' ಅಂದ್ನಂತೆ. ಎಲ್ರೂ ನಕ್ರಂತೆ. ನೀನು ಈ ಮನೇಲಿರಾದು ಊರ್ಗೆಲ್ಲ ಗೊತ್ತಲ್ವಾ?"

ಅದೇ ಔಷಧಿ ಬೇರೆ ಪ್ರಮಾಣದಲ್ಲಿ ಗಂಡಸರ ಯಾವ ದೌರ್ಬಲ್ಯಕ್ಕೆ ಮಾರಾಟವಾಗುತ್ತದೆಂದು ನನಗೆ ಗೊತ್ತಿತ್ತು. ಆ ಗೊತ್ತಿರುವಿಕೆಯನ್ನೂ ಅಡಗಿಸಿಟ್ಟುಕೊಂಡಿದ್ದೆ.

"ನಂಜನಗೂಡಲ್ಲಿ ಕೇಳಾನ ಅಂದ್ರೆ ಅದು ಅವ್ನ ಮಾವ್ನೋರ ಊರು" ಎಂದು ಅತ್ತೆ ಮುಂದುವರಿಸಿದರು. "ಅಲ್ಲಾ ಕಣವ್ವ, ನಾಳೆ ದೊಡ್ಡೋಳಾಗೋ ಮಗ. ಅಂತಾ ಮಾತ್ರೆಯ ಎಣ್ ಮಗೀಗೆ ಬರ್ಯಕ್ಕೆ ಆ ಡಾಕ್ಟ್ರಿಗೆ ತಲೆ ನೆಟ್ಗದಾ? ಬುಟ್ರೇ ಒಳ್ಳೇದು ಅಂತ ನಾನೂ ಅಂದೆ."

ಸಂಜೆ ಭಾವ ಬಂದರು. ನಾನು ಅಡುಗೆಮನೆಯ ಬಾಗಿಲ ಹಿಂದೆಯೇ ನಿಂತು, ಎದುರಿನ ಗೋಡೆ ನೋಡುತ್ತ ಹೇಳಿದೆ. ರಕ್ತನಾಳಕ್ಕೆ ಗಂಡಸು, ಹೆಂಗಸು, ಮಗು ಎಂಬ ಭೇದವಿಲ್ಲ, ಮಾತ್ರೆ ಅಲ್ಲಿ ಮಾಡುವ ಕೆಲಸವನ್ನೇ ಎದೆಯೊಳಗೂ ಮಾಡುತ್ತದೆ ಎಂದೆ. "ಅಲ್ಲಿ" ಎಂಬಷ್ಟಕ್ಕೇ ನನ್ನ ಕಿವಿ ಬಿಸಿಯಾಯಿತು. ಸಿರಿಂಜಿನ ವಿಷಯ ಹೇಳಿದೆ.

"ನನ್ನ ಏನಾರ ಅಂದ್ಕಳ್ಳಿ. ನಿನ್ನ ಎಸ್ರು ಸೇರುಸ್ತಾರಲ್ಲ, ಅದ್ಕೆ" ಎಂದರು ಭಾವ. "ಗುರ್ವಾರ ರಜ ಅದೆ, ಮೈಸೂರ್ಗೋಗಿ ತತ್ತೀನಿ."

"ಗುರುವಾರದವರೆಗೆ ಆಗಲ್ಲ ಭಾವ."

"ಅಂಗಾರೆ ನೀನೇ ಓಗಿ ಕೇಳಿಯಾ?" ಕೋಪದಲ್ಲಿ ಅಲ್ಲ, ನಿಜವಾಗಿಯೂ ದಾರಿ ಕಾಣದೆ ಕೇಳಿದರು.

ನನ್ನ ಮರ್ಯಾದೆ ಕಾಯಲೆಂದು ಅವರು ಮುಚ್ಚಿದ ಬಾಗಿಲಿನೊಳಗೆ ಮಗುವೂ ಇತ್ತು. ಅಕ್ಕನಿಗೆ ಫೋನು ಮಾಡುವಂತಿಲ್ಲ. ಅವಳಿಗೆ ದಿನ ತುಂಬಿತ್ತು. ಮೊಬೈಲಿನಲ್ಲಿ ಆರ್ಡರ್ ಮಾಡಿ ತರಿಸಿದರೆ ಬರುವುದಕ್ಕೆ ನಾಲ್ಕೈದು ದಿನ. ಮೈಸೂರಿನ ಆಸ್ಪತ್ರೆಗೆ ಫೋನು ಮಾಡಿದೆ. ಬೆಳಗ್ಗೆ ಅಂಗಡಿ ತೆರೆದ ಕೂಡಲೇ ಮಾತ್ರೆ ಶುರು ಮಾಡಿ, ಆಮೇಲೆ ಕರೆತಂದು ತೋರಿಸಿ, ಅದಕ್ಕೆ ಮುಂಚೆ ತಲೆ ಸುತ್ತಿದರೆ ಕಾಯದೆ ಹೊರಟುಬನ್ನಿ ಎಂದು ನರ್ಸ್ ಹೇಳಿದರು. ಊರಿನ ಮೆಡಿಕಲ್ ಸ್ಟೋರುಗಳು ಭಾನುವಾರವೆಂದು ಬಾಗಿಲು ಹಾಕಿದ್ದವು. ಮೈಸೂರಿನಲ್ಲೇ ಕೊಂಡುಬಿಡಬಹುದು, ಅಲ್ಲಿ ನನ್ನನ್ನು ಬಲ್ಲವರಿಲ್ಲ ಎಂಬ ಯೋಚನೆ ಬಾರದೆ ಇರಲಿಲ್ಲ. ಆದರೆ ಬಸ್ಸು, ಆಸ್ಪತ್ರೆಯ ಸಾಲು ಎಂದರೆ ಮಧ್ಯಾಹ್ನವಾಗುತ್ತಿತ್ತು. ಮಗುವಿನ ಬೆನ್ನಿನ ಮೇಲೆ ಕೈಯಿಟ್ಟು, ಅದು ಏರಿಳಿಯುವುದನ್ನು ನೋಡುತ್ತ ಮಲಗಿದೆ.

ಮರುದಿನ ಬೆಳಗ್ಗೆ ಮಗುವನ್ನು ಆಟೋದಲ್ಲಿ ಕರೆದುಕೊಂಡು ಅದೇ ಅಂಗಡಿಗೆ ಹೋದೆ. ಮೂವರು ಗಂಡಸರು ನಿಂತಿದ್ದರು. ಭಾವನಿಂದ ಹಿಂದಕ್ಕೆ ಪಡೆದಿದ್ದ ಚೀಟಿಯನ್ನು ಕೌಂಟರಿನ ಮೇಲಿಟ್ಟೆ. ಅಂಗಡಿಯವನು ಓದಿ, ಪಕ್ಕದವನ ಮುಖ ನೋಡಿ, "ಯಾಕೆ, ನಿಮ್ ಭಾವ ಬರ್ನಿಲ್ವಾ?" ಎಂದ.

ಮಗುವನ್ನು ಎತ್ತಿ ಅವನ ಮುಂದೆ ಕೌಂಟರಿನ ಮೇಲೆ ಕೂರಿಸಿದೆ. "ಮಾತ್ರೆ ಇವಳಿಗೆ. ಶ್ವಾಸಕೋಶದಲ್ಲಿ ಒತ್ತಡ ಹೆಚ್ಚಾಗಿ ಹೃದಯ ಸೋಲುತ್ತಿದೆ. ಪ್ರತಿ ತಿಂಗಳೂ ಬೇಕು, ತರಿಸಿಡಿ" ಎಂದೆ. ನನ್ನ ದನಿ ಬೇಕಾದುದಕ್ಕಿಂತ ಜೋರಾಗಿತ್ತು. ಅವನು ಮಗುವಿನ ತುಟಿ ನೋಡಿ, ಒಳಗೆ ಹೋಗಿ ಮಾತ್ರೆ ತಂದುಕೊಟ್ಟ. ಹಿಂದಿದ್ದವರು ಏನಂದುಕೊಂಡರೋ, ನಾನು ತಿರುಗಲಿಲ್ಲ. ಅಲ್ಲೇ ಮಗುವಿಗೆ ಅರ್ಧ ಮಾತ್ರೆ ಕೊಟ್ಟು, ಬಸ್ ಸ್ಟ್ಯಾಂಡಿಗೆ ಹೋಗಿ, ಮೈಸೂರಿನ ಬಸ್ಸು ಹತ್ತಿದೆ.